ಹಾಲಿ ಸದಸ್ಯರ ಮರು ಆಯ್ಕೆ: ಸ್ಥಳೀಯ ಸಂಸ್ಥೆಗಳಲ್ಲಿ ಅಧಿಕಾರದ ಲಾಭ ನಷ್ಟ

ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳಲ್ಲಿ ಈಗಾಗಲೇ ಅಧಿಕಾರದಲ್ಲಿರುವವರು ಮತ್ತೆ ಕಣಕ್ಕಿಳಿದಾಗ ಆ ಅಧಿಕಾರ ಅವರ ಗೆಲುವಿಗೆ ಎಷ್ಟು ನೆರವಾಗುತ್ತದೆ, ಎಷ್ಟು ಅಡ್ಡಿಯಾಗುತ್ತದೆ ಎಂಬುದು ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳೆರಡರಲ್ಲೂ ಬಹಳ ಚರ್ಚೆಯಾದ ಪ್ರಶ್ನೆ. ಅಭ್ಯರ್ಥಿಯ ಹೆಸರು, ಜಾತಿಬಲ, ಹಣ, ಪಕ್ಷದ ಗಾಳಿ ಇವನ್ನೆಲ್ಲ ಬದಿಗಿಟ್ಟು ಕುರ್ಚಿಯ ಪಾಲು ಎಷ್ಟೆಂದು ಬಿಡಿಸಿ ನೋಡುವುದು ಇದರ ಮರ್ಮ. ಅಮೆರಿಕದ ನಗರಗಳಲ್ಲಿ, ಜರ್ಮನಿಯ ಊರುಗಳಲ್ಲಿ ಕುರ್ಚಿ ಲಾಭ ತಂದಿದೆ. ಬ್ರೆಜಿಲ್, ರೊಮೇನಿಯಾಗಳಲ್ಲಿ ಅದೇ ಕುರ್ಚಿ ಹೊರೆಯಾಗಿದೆ. ಭಾರತದಲ್ಲಿ ಸಂಗತಿ ಇನ್ನೂ ಬೇರೆ: ಮತದಾರ ತೀರ್ಪು ಕೊಡುವ ಮೊದಲೇ ಮೀಸಲಾತಿ ರೋಸ್ಟರ್ ಆ ಕುರ್ಚಿಯನ್ನು ಅನೇಕ ಸಲ ಬೇರೆ ವರ್ಗಕ್ಕೆ ಬರೆದುಬಿಟ್ಟಿರುತ್ತದೆ.

ಕನ್ನಡ ಪತ್ರಿಕೆಗಳಲ್ಲಿ ನಷ್ಟಕ್ಕೆ ಗಟ್ಟಿ ಹೆಸರಿದೆ, 'ಆಡಳಿತ ವಿರೋಧಿ ಅಲೆ'. ಲಾಭಕ್ಕೆ ಅಷ್ಟು ರೂಢಿಯಾದ ಪದವಿಲ್ಲ. ಇದು ಭಾಷೆಯ ಬಡತನವಲ್ಲ, ಅನುಭವದ ಗುರುತು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಗೆದ್ದ ಮೇಲೆ ಕರ್ನಾಟಕದಲ್ಲಿ ಯಾವ ಆಡಳಿತ ಪಕ್ಷವೂ ವಿಧಾನಸಭಾ ಚುನಾವಣೆಯಲ್ಲಿ ಬಹುಮತದೊಂದಿಗೆ ಮರಳಿಲ್ಲ. ಆದರೆ ವಿಧಾನಸಭೆಯ ಲೆಕ್ಕವನ್ನು ಪಂಚಾಯಿತಿಗೆ ಹಚ್ಚುವುದು ತಪ್ಪು. ಅಲೆ ಏಳುವುದು ದೊಡ್ಡ ನೀರಿನಲ್ಲಿ. ಮುನ್ನೂರು ಓಟಿನ ವಾರ್ಡಿನಲ್ಲಿ ಯಾರು ಯಾರ ಮನೆಯ ಮದುವೆಗೆ ಹೋಗಲಿಲ್ಲ ಎಂಬುದೂ ಎಣಿಕೆಗೆ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ 'ಹಾಲಿ ಲಾಭ', 'ಹಾಲಿ ನಷ್ಟ' ಎಂಬ ಸರಳ ಜೋಡಿಯನ್ನು ಬಳಸಲಾಗಿದೆ.

ಅಳೆಯುವ ಬಗೆ

ಮರಳಿ ಗೆದ್ದವರನ್ನು ಎಣಿಸಿದರೆ ಉತ್ತರ ಸಿಕ್ಕಿಬಿಡುತ್ತದೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಹತ್ತು ಮಂದಿ ಹಾಲಿ ಸದಸ್ಯರು ನಿಂತು ಏಳು ಮಂದಿ ಗೆದ್ದರೆ ಕುರ್ಚಿ ಕೈಹಿಡಿಯಿತು ಎನ್ನಬಹುದೆ? ಎನ್ನಲಾಗದು. ಆ ಏಳು ಮಂದಿ ಹಿಂದಿನ ಸಲ ಗೆದ್ದದ್ದೂ ಊರಿನಲ್ಲಿ ಅವರಿಗೆ ಬಲವಿದ್ದುದರಿಂದಲೇ, ಆ ಬಲ ಕುರ್ಚಿಗಿಂತ ಹಳೆಯದು. ಇನ್ನೊಂದು ತೊಡಕು, ಸೋಲು ಖಚಿತವೆಂದು ತಿಳಿದವರು ನಾಮಪತ್ರವನ್ನೇ ಸಲ್ಲಿಸುವುದಿಲ್ಲ. ಅವರು ಲೆಕ್ಕದಿಂದ ಜಾರಿಹೋಗುತ್ತಾರೆ, ಉಳಿದವರ ಗೆಲುವಿನ ಪ್ರಮಾಣ ತನ್ನಿಂದ ತಾನೇ ಮೇಲೇರುತ್ತದೆ.

ಅಮೆರಿಕದ ಸಂಸತ್ತಿನ ಚುನಾವಣೆಗಳನ್ನು ಹಿಡಿದು ರಾಬರ್ಟ್ ಎರಿಕ್ಸನ್ 1971ರಲ್ಲಿ, ಆಂಡ್ರ್ಯೂ ಗೆಲ್ಮನ್ ಮತ್ತು ಗ್ಯಾರಿ ಕಿಂಗ್ 1990ರಲ್ಲಿ ಈ ತೊಡಕನ್ನು ಬಿಡಿಸಲು ನೋಡಿದರು. ಅರ್ಥಶಾಸ್ತ್ರಜ್ಞ ಡೇವಿಡ್ ಲೀ 2008ರ ಪ್ರಬಂಧದಲ್ಲಿ ಬಳಸಿದ ದಾರಿ ಈಗ ಎಲ್ಲೆಡೆ ರೂಢಿಯಾಗಿದೆ. ಅದರ ಮೂಲ ಉಪಾಯ ಚುನಾವಣೆಯದಲ್ಲ, 1960ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಪುರಸ್ಕಾರದ ಫಲವನ್ನು ಅಳೆಯಲು ಹೂಡಿದ್ದು. ನಮ್ಮ ಎಸ್ಸೆಸ್ಸೆಲ್ಸಿ ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಬಹುಕಾಲ ಪಾಸಾಗಲು 35 ಅಂಕ ಬೇಕಿತ್ತು. 35 ತೆಗೆದ ಹುಡುಗನಿಗೂ 34 ತೆಗೆದವನಿಗೂ ಬುದ್ಧಿಯಲ್ಲಿ ವ್ಯತ್ಯಾಸವೇನೂ ಇಲ್ಲ, ಆದರೆ ಒಬ್ಬ ಕಾಲೇಜಿಗೆ ಹೋದ, ಇನ್ನೊಬ್ಬ ಗ್ಯಾರೇಜಿಗೆ. ಹತ್ತು ವರ್ಷದ ಮೇಲೆ ಇಬ್ಬರ ಬದುಕು ಬೇರೆಯಾಗಿದ್ದರೆ ಅದಕ್ಕೆ ಕಾರಣ ಆ 'ಪಾಸು' ಎಂಬ ಮೊಹರು. ಹಾಗೆಯೇ ನಾಲ್ಕು ಓಟಿನಲ್ಲಿ ಗೆದ್ದವನನ್ನೂ ನಾಲ್ಕು ಓಟಿನಲ್ಲಿ ಸೋತವನನ್ನೂ ಮುಂದಿನ ಚುನಾವಣೆಯಲ್ಲಿ ಹೋಲಿಸಿದರೆ ಉಳಿಯುವ ವ್ಯತ್ಯಾಸ ಕುರ್ಚಿಯದು. ಲೀ ಲೆಕ್ಕದಂತೆ ಅಮೆರಿಕದ ಕೆಳಮನೆಯಲ್ಲಿ ಕೂದಲೆಳೆಯಲ್ಲಿ ಗೆದ್ದ ಪಕ್ಷಕ್ಕೆ ಮುಂದಿನ ಸಲ 7ರಿಂದ 8 ಶೇಕಡಾ ಅಂಶಗಳಷ್ಟು ಹೆಚ್ಚು ಮತ ಬರುತ್ತಿತ್ತು.

ಈ ಅಳತೆಗೋಲಿಗೂ ಪರೀಕ್ಷೆ ಬಂತು, ಅದೂ ಒಂದು ಸ್ಥಳೀಯ ಚುನಾವಣೆಯಿಂದಲೇ. ಫಿನ್ಲೆಂಡಿನ ಪುರಸಭಾ ಚುನಾವಣೆಗಳಲ್ಲಿ ಒಂದೇ ಪಟ್ಟಿಯ ಅಭ್ಯರ್ಥಿಗಳಿಗೆ ಸಮಸಮ ಮತ ಬಂದರೆ ಚೀಟಿ ಎತ್ತುತ್ತಾರೆ. 1996ರಿಂದ 2012ರವರೆಗೆ ಹೀಗೆ ಚೀಟಿಯ ಬಾಯಿಗೆ ಬಿದ್ದ ಅಭ್ಯರ್ಥಿಗಳು 1,351. ಇವರಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದಕ್ಕೆ ಅದೃಷ್ಟದ ಹೊರತು ಬೇರೆ ಕಾರಣವೇ ಇಲ್ಲ. ಸಂಶೋಧಕರು ಇದಕ್ಕಿಂತ ಶುದ್ಧ ಹೋಲಿಕೆಯನ್ನು ಬಯಸಲಾರರು. ಫಲಿತಾಂಶ ಅನೇಕರಿಗೆ ಅಚ್ಚರಿ ತಂದಿತು: ಚೀಟಿಯಿಂದ ಸದಸ್ಯನಾದವನಿಗೆ ಮುಂದಿನ ಚುನಾವಣೆಯಲ್ಲಿ ಯಾವ ಲಾಭವೂ ಕಾಣಲಿಲ್ಲ. ಅದೇ ಊರುಗಳ ಅಂಕಿಗಳಿಗೆ ಲೀ ಬಳಸಿದ ಗೆಲುವು ಸೋಲಿನ ಅಂಚಿನ ಹೋಲಿಕೆಯನ್ನು ರೂಢಿಯ ರೀತಿಯಲ್ಲಿ ಹಚ್ಚಿದಾಗ ಮಾತ್ರ ಲಾಭವಿದ್ದಂತೆ ತೋರಿತ್ತು. ಅಂಚನ್ನು ಎಷ್ಟು ಅಗಲವಾಗಿ ತೆಗೆದುಕೊಳ್ಳಬೇಕು ಎಂಬಲ್ಲಿ ಕೊಂಚ ಎಡವಿದರೂ ಇಲ್ಲದ್ದು ಇದ್ದಂತೆ ಕಾಣುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಕರ್ನಾಟಕದ ಪಂಚಾಯಿತಿಗಳಲ್ಲೂ ಸಮಮತ ಬಂದಾಗ ಚುನಾವಣಾಧಿಕಾರಿ ಚೀಟಿ ಎತ್ತಿ ಫಲಿತಾಂಶ ಘೋಷಿಸುತ್ತಾರೆ. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯಾಗಿ ಒಂದು ದಿನ ಹಾಕಿ ಮರೆಯುತ್ತವೆ.

ಕುರ್ಚಿಯಿಂದ ಬರುವುದು

ಹಾಲಿ ಸದಸ್ಯನಿಗೆ ಮೊದಲು ದಕ್ಕುವುದು ಹೆಸರು. ಆಮೇಲೆ ಬರುವುದು ಕಚೇರಿಯ ಬಾಗಿಲು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಯಾರ ಮಾತಿಗೆ ಕಡತ ತೆಗೆಯುತ್ತಾರೆ, ಆಸ್ತಿಯ ಇ-ಸ್ವತ್ತು ದಾಖಲೆ ಯಾರು ಹೇಳಿದರೆ ಬೇಗ ಆಗುತ್ತದೆ, ಬೋರ್‌ವೆಲ್ ಮೋಟರು ಸುಟ್ಟಾಗ ಯಾರಿಗೆ ಫೋನು ಮಾಡಬೇಕು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಸಿಸಿ ರಸ್ತೆ, ಚರಂಡಿ, ಬೀದಿದೀಪ, ವಸತಿ ಯೋಜನೆಯ ಮನೆ ಇವುಗಳ ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಬರಬೇಕು ಎಂಬುದರಲ್ಲಿ ಸದಸ್ಯನ ಮಾತು ನಡೆಯುತ್ತದೆ. 2005ರ ನರೇಗಾ ಕಾಯ್ದೆ ಕಾಮಗಾರಿಗಳ ಮೊತ್ತದಲ್ಲಿ ಕನಿಷ್ಠ ಅರ್ಧವನ್ನು ಗ್ರಾಮ ಪಂಚಾಯಿತಿಗೇ ವಹಿಸಿದ ಮೇಲೆ ಈ ಹಿಡಿತ ಇನ್ನೂ ಬಲಗೊಂಡಿತು. ಟಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ನಡೆಸಿದ ಅಧ್ಯಯನ ಒಂದು ವಿಷಯವನ್ನು ಅಂಕಿಗಳಲ್ಲಿ ತೋರಿಸಿತು: ಹಲವು ಹಳ್ಳಿಗಳ ಪಂಚಾಯಿತಿಯಲ್ಲಿ ಅಧ್ಯಕ್ಷರ ಸ್ವಂತ ಹಳ್ಳಿಗೆ ಕಾಮಗಾರಿ ಹೆಚ್ಚು ಹರಿಯುತ್ತದೆ. ಊರವರಿಗೆ ಇದನ್ನು ತಿಳಿಯಲು ಅಧ್ಯಯನ ಬೇಕಿರಲಿಲ್ಲ ಎನ್ನಿ.

ಮೂರನೆಯ ಲಾಭ ಕಣ್ಣಿಗೆ ಕಾಣುವುದಿಲ್ಲ, ಆದರೆ ಹಲವೆಡೆ ಎಲ್ಲಕ್ಕಿಂತ ದೊಡ್ಡದು: ಗಟ್ಟಿ ಎದುರಾಳಿ ಕಣಕ್ಕೇ ಇಳಿಯುವುದಿಲ್ಲ. ಹಾಲಿ ಸದಸ್ಯ ಬಲವಾಗಿದ್ದಾನೆಂದು ಅಂದಾಜಾದರೆ ಹಣ, ಹೆಸರು ಇದ್ದವರು ಇನ್ನೊಂದು ಅವಧಿ ಕಾಯುತ್ತಾರೆ. ಇದರ ತುದಿಯೇ ಅವಿರೋಧ ಆಯ್ಕೆ. ಕೆಲವೊಮ್ಮೆ ಅದು ಹಿರಿಯರ ಪಂಚಾಯ್ತಿಕೆಯಿಂದ ಆದದ್ದು, ಕೆಲವೊಮ್ಮೆ ಬೆದರಿಕೆಯಿಂದ. 2018ರಲ್ಲಿ ಪಶ್ಚಿಮ ಬಂಗಾಳದ ಪಂಚಾಯತ್ ಚುನಾವಣೆಯಲ್ಲಿ ಸುಮಾರು 34 ಶೇಕಡಾ ಸ್ಥಾನಗಳಿಗೆ ಮತದಾನವೇ ನಡೆಯದೆ ಸುಪ್ರೀಂ ಕೋರ್ಟಿನವರೆಗೆ ವಿವಾದ ಹೋಯಿತು. ಕರ್ನಾಟಕದಲ್ಲಿ 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಸದಸ್ಯ ಸ್ಥಾನಗಳ 'ಹರಾಜು' ಸುದ್ದಿಯಾಯಿತು. ದೇವಸ್ಥಾನದ ಹೆಸರಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಊರೇ ದಾರಿ ಬಿಡುವ ಈ ಪದ್ಧತಿಯಲ್ಲಿ ಹಾಲಿ ಲಾಭಕ್ಕಿಂತ ಜೇಬಿನ ಲಾಭ ಮುಂದು.

ನಗರಗಳ ಉದಾಹರಣೆ

ಅಮೆರಿಕದ ನಗರ ರಾಜಕಾರಣ ಎಂದೊಡನೆ ನೆನಪಾಗುವುದು ಶಿಕಾಗೊ. ಇಲ್ಲಿ ಹಾಲಿ ಲಾಭ ಹಾಲಿ ನಷ್ಟಗಳೆರಡೂ ಒಂದೇ ಮೇಯರ್ ಕುರ್ಚಿಯಲ್ಲಿ ಕುಳಿತು ಎದ್ದಿವೆ. ರಿಚರ್ಡ್ ಜೆ. ಡೇಲಿ 1955ರಲ್ಲಿ ಮೇಯರಾದವರು ಆರು ಸಲ ಗೆದ್ದು 1976ರ ಡಿಸೆಂಬರಿನಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರ ಬಲ ಭಾಷಣದ್ದಲ್ಲ, ನೌಕರಿ ಕೊಡಿಸುವ ವ್ಯವಸ್ಥೆಯದು: ವಾರ್ಡಿನ ಪಕ್ಷದ ಕಾರ್ಯಕರ್ತನಿಗೆ ಪಾಲಿಕೆಯಲ್ಲಿ ಕೆಲಸ, ಆ ಕೆಲಸಕ್ಕೆ ಪ್ರತಿಯಾಗಿ ಬೀದಿಯ ಮತ. ಡೇಲಿ ತೀರಿದ ಮೇಲೆ ಮೈಕಲ್ ಬಿಲಾಂಡಿಕ್ ಅದೇ ಕುರ್ಚಿಗೆ, ಅದೇ ಪಕ್ಷಯಂತ್ರಕ್ಕೆ ಒಡೆಯರಾದರು. 1979ರ ಜನವರಿಯಲ್ಲಿ ನಗರದ ಮೇಲೆ ಭಾರೀ ಹಿಮ ಸುರಿಯಿತು. ರಸ್ತೆಯ ಹಿಮ ತೆಗೆಯಲಿಲ್ಲ, ಕಸ ಎತ್ತಲಿಲ್ಲ, ರೈಲುಗಳು ಕಪ್ಪು ಜನರ ಬಡಾವಣೆಗಳ ನಿಲ್ದಾಣಗಳಲ್ಲಿ ನಿಲ್ಲದೆ ಮುಂದೆ ಓಡಿದವು. ಫೆಬ್ರವರಿಯ ಕೊನೆಗೆ ಪಕ್ಷದೊಳಗಿನ ಚುನಾವಣೆಯಲ್ಲಿ ಬಿಲಾಂಡಿಕ್ ಅವರನ್ನು ಜೇನ್ ಬರ್ನ್ ಸೋಲಿಸಿದರು. ಆಕೆ ಆ ನಗರದ ಮೊದಲ ಮಹಿಳಾ ಮೇಯರ್. ನಾಲ್ಕು ವರ್ಷದ ಮೇಲೆ 1983ರಲ್ಲಿ ಅದೇ ಹಂತದಲ್ಲಿ ಆಕೆಯೂ ಹೆರಾಲ್ಡ್ ವಾಷಿಂಗ್ಟನ್ ಅವರಿಗೆ ಸೋತರು. ಮುಂದೆ ಡೇಲಿಯ ಮಗ 1989ರಿಂದ 2011ರವರೆಗೆ ಕುರ್ಚಿ ಬಿಡಲಿಲ್ಲ. ಒಂದು ಮಳೆಗಾಲದ ರಾಜಕಾಲುವೆ ಏನು ಮಾಡಬಲ್ಲದು ಎಂದು ಬಲ್ಲ ಬೆಂಗಳೂರಿನವರಿಗೆ ಹಿಮದ ಈ ಕಥೆ ಹೊಸದೆನಿಸದು.

ಜೆಸಿಕಾ ಟ್ರೌನ್‌ಸ್ಟೈನ್ ಎಂಬ ರಾಜ್ಯಶಾಸ್ತ್ರಜ್ಞೆ 2008ರ ತಮ್ಮ ಪುಸ್ತಕದಲ್ಲಿ ಶಿಕಾಗೊವನ್ನು ಸ್ಯಾನ್ ಹೋಸೆ ನಗರದ ಪಕ್ಕದಲ್ಲಿಟ್ಟು ನೋಡಿದರು. ಒಂದು ಪಕ್ಷದ ದಣಿಗಳ ಊರು, ಇನ್ನೊಂದು ಭ್ರಷ್ಟಾಚಾರವನ್ನು ತೊಳೆಯುತ್ತೇವೆಂದು ಬಂದ ಸುಧಾರಕರ ಊರು. ಎರಡೂ ಕಡೆ ಅಧಿಕಾರ ಹಿಡಿದ ಗುಂಪು ನಿಯಮಗಳನ್ನು ತನ್ನ ಕಡೆಗೆ ಬಗ್ಗಿಸಿಕೊಂಡು ಬಹುಕಾಲ ಅಲುಗಾಡದೆ ಕುಳಿತಿತು ಎಂಬುದು ಅವರ ವಾದ. ದಣಿಗಳು ನೌಕರಿ ಹಂಚಿದರು, ಸುಧಾರಕರು ಮತ ಹಾಕುವವರ ಬಳಗವನ್ನೇ ಸಣ್ಣದಾಗಿಸಿದರು. ಸುಧಾರಣೆ ಎಂಬ ಹೆಸರೇ ಒಳ್ಳೆಯದೆಂದು ನಂಬುವವರು ಓದಬೇಕಾದ ವಾದವಿದು. ನಾಲ್ಕು ನಗರಗಳ ಕೌನ್ಸಿಲ್ ಚುನಾವಣೆಗಳನ್ನು ಏಳು ದಶಕಗಳ ಉದ್ದಕ್ಕೂ ಹಿಡಿದು 2011ರಲ್ಲಿ ಅವರೇ ತೋರಿಸಿದಂತೆ, ಒಮ್ಮೆ ಸದಸ್ಯನಾದವನು ಮತ್ತೆ ನಿಲ್ಲುವ ಮತ್ತು ಗೆಲ್ಲುವ ಸಾಧ್ಯತೆ ಸದಸ್ಯನಾದುದರಿಂದಲೇ ಹೆಚ್ಚುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಮೇಯರುಗಳ ಅವಧಿ ಆರು ವರ್ಷ. ರೊನ್ನಿ ಫ್ರೈಯರ್ 2015ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿ ಹಾಲಿತನ ಗೆಲುವಿನ ಸಾಧ್ಯತೆಯನ್ನು 38ರಿಂದ 40 ಶೇಕಡಾ ಅಂಶ ಮೇಲಕ್ಕೆತ್ತುತ್ತದೆ. ಚುನಾವಣೆಯ ದಿನಾಂಕಕ್ಕೂ ಇಲ್ಲಿ ಕೈವಾಡವಿದೆ. ಅಮೆರಿಕದಲ್ಲಿ ಮೇಯರ್ ಚುನಾವಣೆಯನ್ನು ರಾಷ್ಟ್ರೀಯ ಚುನಾವಣೆಯ ಜೊತೆಗೇ ನಡೆಸಿದರೆ ಹಾಲಿ ಮೇಯರಿಗೆ ಅನುಕೂಲ ಹೆಚ್ಚು, ಬೇರೆ ವರ್ಷದಲ್ಲಿ ನಡೆಸಿದರೆ ಕಡಿಮೆ ಎಂದು 2018ರ ಒಂದು ಅಧ್ಯಯನ ಹೇಳಿತು. ಜೊತೆಗೆ ನಡೆದಾಗ ಮತಗಟ್ಟೆಗೆ ಜನ ಹೆಚ್ಚು ಬರುತ್ತಾರೆ. ಅಧ್ಯಕ್ಷನನ್ನು ಆರಿಸಲು ಬಂದವನು ಮೇಯರ್ ಸಾಲಿನಲ್ಲಿ ಕಂಡು ಕೇಳಿದ ಹೆಸರಿಗೇ ಗುರುತು ಹಾಕಿ ಹೋಗುತ್ತಾನೆ ಎಂದು ಇದನ್ನು ಅರ್ಥೈಸಬಹುದು.

ಕುರ್ಚಿ ಹೊರೆಯಾದಾಗ

ಶ್ರೀಮಂತ ದೇಶಗಳ ಈ ಚಿತ್ರವನ್ನು ಬೇರೆಡೆಗೆ ಕೊಂಡೊಯ್ದಾಗ ಅದು ತಿರುಗಿಬಿತ್ತು. ಭಾರತದ ಲೋಕಸಭೆಯ ಅಂಕಿಗಳನ್ನು ಹಿಡಿದು ಲೀ ಲಿಂಡನ್ 2004ರಲ್ಲಿ ಕಂಡದ್ದು ಹೀಗೆ: 1991ರ ಮುಂಚೆ ಹಾಲಿ ಸಂಸದರಿಗೆ ಲಾಭವಿತ್ತು, ಅಲ್ಲಿಂದಾಚೆ ಕೂದಲೆಳೆಯಲ್ಲಿ ಗೆದ್ದವರು ಕೂದಲೆಳೆಯಲ್ಲಿ ಸೋತವರಿಗಿಂತ ಮುಂದಿನ ಸಲ ಗೆಲ್ಲುವ ಸಾಧ್ಯತೆ ಸುಮಾರು 14 ಶೇಕಡಾ ಅಂಶ ಕಡಿಮೆ. ಯೋಗೇಶ್ ಉಪ್ಪಲ್ 2009ರಲ್ಲಿ ರಾಜ್ಯ ವಿಧಾನಸಭೆಗಳಲ್ಲೂ ಇದೇ ನಷ್ಟವನ್ನು ಕಂಡರು. ಸಾರ್ವಜನಿಕ ಸೌಲಭ್ಯ ಕಡಿಮೆ ಇರುವ, ತಲಾ ಆದಾಯ ಕಡಿಮೆ ಇರುವ ರಾಜ್ಯಗಳಲ್ಲಿ ನಷ್ಟ ಹೆಚ್ಚು ಎಂಬುದು ಅವರ ಲೆಕ್ಕದ ಮುಖ್ಯ ಅಂಶ.

ಸ್ಥಳೀಯ ಮಟ್ಟದಲ್ಲಿ ಬಹಳ ಅಧ್ಯಯನವಾದ ದೇಶಗಳಲ್ಲೊಂದು ಬ್ರೆಜಿಲ್. ಅಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಪುರಸಭೆಗಳಿವೆ, ಮೇಯರ್ ಅವಧಿ ನಾಲ್ಕು ವರ್ಷ. 1997ರ ಸಂವಿಧಾನ ತಿದ್ದುಪಡಿಗೆ ಮುಂಚೆ ಮೇಯರು ಸತತ ಎರಡನೆಯ ಸಲ ನಿಲ್ಲುವಂತಿರಲಿಲ್ಲ. 2000ದ ಚುನಾವಣೆಯಲ್ಲಿ ಮೊದಲ ಬಾರಿಗೆ ಆ ಅವಕಾಶ ಸಿಕ್ಕಿತು, ಅದೂ ಒಂದು ಸಲಕ್ಕೆ ಮಾತ್ರ. ಮಾರ್ಕೊ ಕ್ಲಾಶ್ನ್ಯಾ ಮತ್ತು ರೊಸಿಯೊ ಟಿಟ್ಯೂನಿಕ್ 2017ರಲ್ಲಿ ಇದನ್ನು ಪರಿಶೀಲಿಸಿ, ಅಧಿಕಾರ ಹಿಡಿದ ಪಕ್ಷ ಮುಂದಿನ ಚುನಾವಣೆಯಲ್ಲಿ ಲಾಭಕ್ಕೆ ಬದಲು ಪೆಟ್ಟು ತಿನ್ನುತ್ತದೆ ಎಂದರು. ಅವರು ಕೊಟ್ಟ ಕಾರಣ ಯೋಚಿಸುವಂಥದ್ದು. ಎರಡನೆಯ ಅವಧಿಯ ಮೇಯರಿಗೆ ಮುಂದೆ ಮತ ಕೇಳುವ ಗರಜಿಲ್ಲ. ಪಕ್ಷ ಗಟ್ಟಿಯಾಗಿದ್ದರೆ ಅದಾದರೂ ಅವನ ಕಿವಿ ಹಿಂಡುತ್ತಿತ್ತು. ಬ್ರೆಜಿಲಿನಲ್ಲಿ ಪಕ್ಷಗಳು ಸಡಿಲ, ಮೇಯರು ಬೇಕಾದಂತೆ ಪಕ್ಷ ಬದಲಿಸುತ್ತಾನೆ. ಹೀಗೆ ಅವನು ಸೋಮಾರಿಯಾದದ್ದಕ್ಕೆ ದಂಡ ಕಟ್ಟುವುದು ಅವನಲ್ಲ, ಅವನು ಬಿಟ್ಟುಹೋದ ಪಕ್ಷ. ರೊಮೇನಿಯಾದ ಮೇಯರುಗಳ ಬಗ್ಗೆ 2015ರಲ್ಲಿ ಕ್ಲಾಶ್ನ್ಯಾ ಬರೆದ ಪ್ರಬಂಧ ಅಲ್ಲಿನ ಹಾಲಿ ನಷ್ಟವನ್ನು ನೇರವಾಗಿ ಭ್ರಷ್ಟಾಚಾರಕ್ಕೆ ಜೋಡಿಸುತ್ತದೆ.

ಬ್ರೆಜಿಲಿನ ಇನ್ನೊಂದು ಪ್ರಯೋಗ ಇದಕ್ಕಿಂತಲೂ ಹೆಸರುವಾಸಿ. 2003ರಲ್ಲಿ ಕೇಂದ್ರ ಸರ್ಕಾರ ಪುರಸಭೆಗಳ ಲೆಕ್ಕ ತಪಾಸಣೆಗೆ ಊರುಗಳನ್ನು ಲಾಟರಿ ಎತ್ತಿ ಆರಿಸತೊಡಗಿತು. ಕೆಲವು ಊರುಗಳ ವರದಿ 2004ರ ಚುನಾವಣೆಗೆ ಮುಂಚೆ ಬಂತು, ಕೆಲವದು ಆಮೇಲೆ. ಕ್ಲಾಡಿಯೊ ಫೆರಾಸ್ ಮತ್ತು ಫ್ರೆಡೆರಿಕೊ ಫಿನನ್ ಈ ಎರಡು ಗುಂಪುಗಳನ್ನು ಹೋಲಿಸಿದರು. ಅಕ್ರಮ ಬಯಲಾದ ಮೇಯರುಗಳ ಮರು ಆಯ್ಕೆ ಇಳಿಯಿತು, ಸ್ಥಳೀಯ ರೇಡಿಯೊ ಇದ್ದ ಊರುಗಳಲ್ಲಿ ಇನ್ನೂ ಹೆಚ್ಚು ಇಳಿಯಿತು. ಶುದ್ಧ ಹಸ್ತದ ಮೇಯರಿಗೆ ಅದೇ ರೇಡಿಯೊ ಮತ ತಂದುಕೊಟ್ಟಿತು. ಅಂದರೆ ಮತದಾರ ಕುರ್ಚಿಯನ್ನು ಕಣ್ಣುಮುಚ್ಚಿ ಬೈಯುವುದಿಲ್ಲ, ಸುದ್ದಿ ತಲುಪಿದರೆ ತೂಗಿ ನೋಡುತ್ತಾನೆ. 2011ರ ಇವರ ಮುಂದಿನ ಪ್ರಬಂಧದಂತೆ, ಮತ್ತೆ ನಿಲ್ಲುವ ಅವಕಾಶವಿರುವ ಮೇಯರುಗಳು ಕೊನೆಯ ಅವಧಿಯವರಿಗಿಂತ 27 ಶೇಕಡಾ ಕಡಿಮೆ ಹಣ ದುರುಪಯೋಗ ಮಾಡಿದ್ದರು.

ಅವಧಿಯ ಮಿತಿ

ಈ 27 ಶೇಕಡಾ ಅವಧಿ ಮಿತಿಯ ಪರವಾದಿಗಳಿಗೆ ಮುಜುಗರ ತರುವ ಅಂಕಿ. ಆದರೂ ಮಿತಿ ಬಹಳ ದೇಶಗಳಲ್ಲಿದೆ. ಇಟಲಿಯಲ್ಲಿ 1993ರಿಂದ ಮೇಯರಿಗೆ ಸತತ ಎರಡೇ ಅವಧಿ, ಚಿಕ್ಕ ಊರುಗಳಲ್ಲಿ ನಿಲ್ಲುವವರೇ ಸಿಗದೆ ನಿಯಮವನ್ನು ಆಮೇಲೆ ಸಡಿಲಿಸಬೇಕಾಯಿತು. ಮೆಕ್ಸಿಕೊದ್ದು ತುಂಬ ಹಳೆಯ ಸಿಟ್ಟು. 'ಮರು ಆಯ್ಕೆ ಬೇಡ' ಎಂಬುದು 1910ರ ಕ್ರಾಂತಿಯ ಘೋಷಣೆಯೇ ಆಗಿತ್ತು. 1933ರಿಂದ ಮೇಯರುಗಳಿಗೂ ಸತತ ಮರು ಆಯ್ಕೆ ನಿಂತುಹೋಯಿತು, 2014ರ ತಿದ್ದುಪಡಿಯ ನಂತರ ಮತ್ತೆ ತೆರೆಯಿತು, 2025ರ ಇನ್ನೊಂದು ತಿದ್ದುಪಡಿ 2030ರಿಂದ ಅದನ್ನು ಪುನಃ ಮುಚ್ಚಲಿದೆ.

ಫಿಲಿಪ್ಪೀನ್ಸಿನಲ್ಲಿ 1987ರ ಸಂವಿಧಾನ ಸ್ಥಳೀಯ ಹುದ್ದೆಗಳಿಗೆ ಮೂರು ವರ್ಷದ ಅವಧಿ, ಸತತ ಮೂರೇ ಸಲ ಎಂದು ಕಟ್ಟು ಹಾಕಿತು. ಆಗಿದ್ದೇನೆಂದರೆ ಮೇಯರ್ ಇಳಿದಾಗ ಹೆಂಡತಿ ಏರಿದಳು, ಅವಳು ಇಳಿದಾಗ ಮಗ. ಪಾಬ್ಲೊ ಕೆರುಬಿನ್ ಲೆಕ್ಕ ಹಾಕಿದಂತೆ, ಮೊದಲ ಚುನಾವಣೆಯನ್ನು ಕೂದಲೆಳೆಯಲ್ಲಿ ಗೆದ್ದವನ ನೆಂಟರು ಮುಂದೆ ಅಧಿಕಾರಕ್ಕೆ ಬರುವ ಸಾಧ್ಯತೆ, ಕೂದಲೆಳೆಯಲ್ಲಿ ಸೋತವನ ನೆಂಟರಿಗಿಂತ ಹಲವು ಪಟ್ಟು ಹೆಚ್ಚು. ವ್ಯಕ್ತಿಯ ಹಾಲಿತನ ಮುಗಿದರೂ ಮನೆತನದ ಹಾಲಿತನ ಮುಗಿಯಲಿಲ್ಲ.

ಭಾರತ: ರೋಸ್ಟರು ಮೊದಲು, ಮತದಾರ ಆಮೇಲೆ

ಭಾರತದ ಸಂವಿಧಾನ ಸ್ಥಳೀಯ ಸಂಸ್ಥೆಗಳಿಗೆ ಅವಧಿ ಮಿತಿ ಹಾಕಿಲ್ಲ, ಆದರೆ ಮಿತಿಯಷ್ಟೇ ಬಲವಾದ ಇನ್ನೊಂದನ್ನು ಇಟ್ಟಿದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಮತ್ತು ಜೂನ್ 1ರಂದು ಬಂದ 74ನೇ ತಿದ್ದುಪಡಿ ಪರಿಶಿಷ್ಟ ಜಾತಿ, ಪಂಗಡಗಳಿಗೂ ಮಹಿಳೆಯರಿಗೂ ಸ್ಥಾನಗಳನ್ನು ಮೀಸಲಿಟ್ಟು, ಅವು ಕ್ಷೇತ್ರದಿಂದ ಕ್ಷೇತ್ರಕ್ಕೆ ಸರದಿಯಂತೆ ಸುತ್ತಲು ಅವಕಾಶ ಮಾಡಿದವು. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂದಿತ್ತು. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲೇ ಮಹಿಳೆಯರಿಗೆ 25 ಶೇಕಡಾ ಮೀಸಲಾತಿ ಇತ್ತು, 2010ರಿಂದ ಅದು 50 ಶೇಕಡಾ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಈ ಸರದಿಗೆ ಬಲವಾದ ಸಮರ್ಥನೆಯಿದೆ, ಇಲ್ಲದಿದ್ದರೆ ಒಂದೇ ವಾರ್ಡು ಶಾಶ್ವತವಾಗಿ ಒಂದೇ ವರ್ಗಕ್ಕೆ ಅಂಟಿಕೊಳ್ಳುತ್ತಿತ್ತು. ಆದರೆ ಮರು ಆಯ್ಕೆಯ ದೃಷ್ಟಿಯಿಂದ ಬೆಲೆ ತೆರಬೇಕಾಯಿತು. ಐದು ವರ್ಷ ಚೆನ್ನಾಗಿ ದುಡಿದ ಸದಸ್ಯೆಯ ವಾರ್ಡು ಮುಂದಿನ ಸಲ ಬೇರೆ ಪ್ರವರ್ಗಕ್ಕೆ ಹೋದರೆ ಅವಳು ಮತ ಕೇಳುವಂತೆಯೇ ಇಲ್ಲ. ಕೆಲಸ ಮಾಡದೆ ಉಂಡವನಿಗೂ ಅದೇ ಬಾಗಿಲು. ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಬ್ರೆಜಿಲಿನ ಕೊನೆಯ ಅವಧಿಯ ಮೇಯರಿಗೆ ಇದ್ದ ಸಡಿಲು ನಮ್ಮ ಪಂಚಾಯಿತಿಗಳಲ್ಲಿ ಮೊದಲ ಅವಧಿಯವರಿಗೇ ಸಿಕ್ಕಿಬಿಡುತ್ತದೆ.

ಅಧ್ಯಕ್ಷ ಸ್ಥಾನದಲ್ಲಿ ಇದು ಇನ್ನೂ ತೀವ್ರ. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಚುನಾವಣೆ ಪಕ್ಷರಹಿತ, ಅಧ್ಯಕ್ಷರನ್ನು ಆರಿಸುವವರು ಸದಸ್ಯರು. 2020ರ ಚುನಾವಣೆಯ ನಂತರ ಅಧ್ಯಕ್ಷಗಿರಿ ಎರಡೂವರೆ ವರ್ಷಕ್ಕೊಮ್ಮೆ ಮೀಸಲಾತಿ ಬದಲಿಸಿಕೊಂಡು ಕೈ ಬದಲಾಯಿತು. ಆ ಅವಧಿಯನ್ನೂ ಒಳ ಒಪ್ಪಂದದಲ್ಲಿ ತುಂಡು ಮಾಡಿ 'ನಿನಗೆ ಹದಿನೈದು ತಿಂಗಳು, ನನಗೆ ಹದಿನೈದು ತಿಂಗಳು' ಎಂದು ಹಂಚಿಕೊಳ್ಳುವುದು, ಮಾತು ತಪ್ಪಿದಾಗ ಅವಿಶ್ವಾಸ ನಿರ್ಣಯ, ರೆಸಾರ್ಟ್ ಪ್ರವಾಸ ಇವೆಲ್ಲ ಜಿಲ್ಲಾ ಪುಟಗಳ ನಿತ್ಯದ ಸುದ್ದಿ. ನಗರಗಳಲ್ಲಾದರೆ ರಾಜ್ಯದ 1976ರ ಪಾಲಿಕೆ ಕಾಯ್ದೆಯಡಿ ಮೇಯರ್ ಅವಧಿ ಒಂದೇ ವರ್ಷವೆಂದು ನಡೆದುಬಂದಿದೆ. ಶಿಕಾಗೊದ ಡೇಲಿಯನ್ನು ಇಟ್ಟುಕೊಂಡು ಹುಬ್ಬಳ್ಳಿ-ಧಾರವಾಡದ ಮೇಯರನ್ನು ಅಳೆಯಲು ಹೊರಟರೆ ಅಳೆಯುವುದಕ್ಕೆ ವಸ್ತುವೇ ಸಿಗುವುದಿಲ್ಲ. ಒಂದು ವರ್ಷದಲ್ಲಿ ಅವರ ಹೆಸರು ಸ್ವಾಗತ ಕಮಾನುಗಳ ಮೇಲೆ ಒಣಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ರೋಸ್ಟರಿಗೆ ಊರು ಕಂಡುಕೊಂಡ ಉತ್ತರ ಫಿಲಿಪ್ಪೀನ್ಸಿನದೇ. ವಾರ್ಡು 'ಸಾಮಾನ್ಯ ಮಹಿಳೆ'ಯಾದರೆ ಹಾಲಿ ಸದಸ್ಯ ಹೆಂಡತಿಯ ನಾಮಪತ್ರ ಹಾಕಿಸುತ್ತಾನೆ, ಸಭೆಗೆ ತಾನೇ ಬರುತ್ತಾನೆ. 'ಅಧ್ಯಕ್ಷರ ಪತಿ' ಎಂಬುದು ಕಾಯ್ದೆಯಲ್ಲಿಲ್ಲದ ಹುದ್ದೆ, ಆದರೆ ಕಚೇರಿಯಲ್ಲಿ ಅದಕ್ಕೊಂದು ಕುರ್ಚಿ ಇರುತ್ತದೆ. ಇಲ್ಲಿ ಮರು ಆಯ್ಕೆಯನ್ನು ವ್ಯಕ್ತಿಗೆ ಬದಲು ಮನೆಗೆ ಲೆಕ್ಕ ಹಾಕಬೇಕಾಗುತ್ತದೆ. ಹಾಗೆಂದು ಮೀಸಲು ಸ್ಥಾನದ ಹೆಣ್ಣುಮಕ್ಕಳೆಲ್ಲ ಬರೀ ಸಹಿ ಹಾಕುವವರು ಎಂದರೆ ಅದು ಸುಳ್ಳಾಗುತ್ತದೆ, ಅಂಕಿಗಳೂ ಹಾಗೆ ಹೇಳುವುದಿಲ್ಲ. ಮುಂಬೈ ಪಾಲಿಕೆಯ 1997 ಮತ್ತು 2002ರ ಚುನಾವಣೆಗಳನ್ನು ರಿಖಿಲ್ ಭಾವ್ನಾನಿ ಹೋಲಿಸಿದರು. ಹಿಂದಿನ ಅವಧಿಯಲ್ಲಿ ಮಹಿಳೆಗೆ ಮೀಸಲಾಗಿದ್ದು ಈಗ ಮುಕ್ತವಾದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ, ಮೀಸಲಾಗಿರದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 2009ರ ಅಧ್ಯಯನವೂ ಇದಕ್ಕೆ ಹತ್ತಿರದ್ದನ್ನೇ ಕಂಡಿತು, ಒಂದು ಷರತ್ತಿನೊಂದಿಗೆ: ಒಂದು ಸುತ್ತಿನ ಮೀಸಲಾತಿ ಸಾಲಲಿಲ್ಲ, ಎರಡು ಸುತ್ತು ಮಹಿಳಾ ಅಧ್ಯಕ್ಷರನ್ನು ನೋಡಿದ ಮೇಲೆ ಮಾತ್ರ ಊರು ಹೆಣ್ಣು ಅಭ್ಯರ್ಥಿಗೆ ಮತ ಹಾಕಲು ಒಗ್ಗಿತು. ಬೇಗ ಬೇಗ ಸುತ್ತುವ ರೋಸ್ಟರ್ ಈ ಎರಡನೆಯ ಸುತ್ತನ್ನೇ ತಪ್ಪಿಸುತ್ತದೆ.

ಕಾಯ್ದೆ ಬೇರೆ ರೀತಿಯಲ್ಲೂ ಹಾಲಿ ಸದಸ್ಯರನ್ನು ಹೊರಗಿಟ್ಟಿದೆ. ಹರಿಯಾಣ ಪಂಚಾಯತ್ ಅಭ್ಯರ್ಥಿಗಳಿಗೆ ವಿದ್ಯಾರ್ಹತೆ ಗೊತ್ತುಮಾಡಿದ್ದನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲಿ ರಾಜಬಾಲಾ ಪ್ರಕರಣದಲ್ಲಿ ಎತ್ತಿಹಿಡಿಯಿತು. ರಾಜಸ್ಥಾನವೂ ಅಂಥದೇ ನಿಯಮ ತಂದು 2019ರಲ್ಲಿ ಹಿಂತೆಗೆದುಕೊಂಡಿತು. ಐದು ವರ್ಷ ಪಂಚಾಯತ್ ನಡೆಸಿದ ಅನುಭವಕ್ಕಿಂತ ಎಂಟನೇ ತರಗತಿಯ ಪ್ರಮಾಣಪತ್ರ ತೂಕದ್ದೆಂದು ತೀರ್ಮಾನಿಸಿದ ನಿಯಮಗಳವು.

ಪಕ್ಷಗಳ ಚಿಹ್ನೆಯ ಮೇಲೆ ನಡೆಯುವ ನಗರ ಚುನಾವಣೆಗಳಲ್ಲಿ ಮತದಾರನಿಗಿಂತ ಮೊದಲು ಹಾಲಿ ಸದಸ್ಯನ ಹಣೆಬರಹ ಬರೆಯುವುದು ಟಿಕೆಟ್ ಹಂಚುವ ಸಮಿತಿ. 2017ರ ದೆಹಲಿ ಪಾಲಿಕೆ ಚುನಾವಣೆ ಇದರ ಅತಿರೇಕದ ನಿದರ್ಶನ. ಹತ್ತು ವರ್ಷ ಅಧಿಕಾರದಲ್ಲಿದ್ದ ಬಿಜೆಪಿ ತನ್ನ ಹಾಲಿ ಸದಸ್ಯರಲ್ಲಿ ಒಬ್ಬರಿಗೂ ಟಿಕೆಟ್ ಕೊಡಲಿಲ್ಲ. ಹೊಸ ಮುಖಗಳೊಂದಿಗೆ 181 ವಾರ್ಡು ಗೆದ್ದು ಮೂರೂ ಪಾಲಿಕೆಗಳನ್ನು ಉಳಿಸಿಕೊಂಡಿತು. ಪಕ್ಷದ ಹಾಲಿ ನಷ್ಟವನ್ನು ತಪ್ಪಿಸಲು ಹಾಲಿ ವ್ಯಕ್ತಿಗಳನ್ನೇ ಬಲಿಕೊಟ್ಟ ಲೆಕ್ಕವಿದು. ಗುಜರಾತಿನಲ್ಲಿ 2021ರಲ್ಲಿ ಅದೇ ಪಕ್ಷ 60 ವರ್ಷ ದಾಟಿದವರಿಗೆ, ಮೂರು ಅವಧಿ ಮುಗಿಸಿದವರಿಗೆ ಟಿಕೆಟ್ ಇಲ್ಲವೆಂದಿತು. ದೆಹಲಿಯ ಉಪಾಯ ಒಂದೇ ಅವಧಿ ಬಾಳಿತು: 2022ರಲ್ಲಿ ಒಂದಾದ ಪಾಲಿಕೆಯ 250 ವಾರ್ಡುಗಳಲ್ಲಿ ಆಮ್ ಆದ್ಮಿ ಪಕ್ಷ 134 ಗೆದ್ದಿತು.

ಮರು ಆಯ್ಕೆಯಾಗದವರೆಲ್ಲ ಸೋತವರೂ ಅಲ್ಲ. ಸ್ಥಳೀಯ ಹುದ್ದೆ ಅನೇಕರಿಗೆ ಏಣಿಯ ಮೊದಲ ಮೆಟ್ಟಿಲು. ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿದ್ದವರು, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಬಂದರು. ಇಂಥವರನ್ನು ಮರು ಆಯ್ಕೆಯ ಪಟ್ಟಿಯಲ್ಲಿ 'ಮತ್ತೆ ನಿಲ್ಲಲಿಲ್ಲ' ಎಂದು ಬರೆದರೆ ಕುರ್ಚಿಯಿಂದ ಅವರಿಗೆ ಏನೂ ದಕ್ಕಲಿಲ್ಲ ಎಂದಂತಾಗುತ್ತದೆ. ಮೇಲಿನ ಅಧ್ಯಯನಗಳಲ್ಲಿ ಹಲವು ಈ ಜಾಗದಲ್ಲಿ ದುರ್ಬಲ.

ನಡೆಯದ ಚುನಾವಣೆ

ಮರು ಆಯ್ಕೆಯ ಪ್ರಶ್ನೆ ಏಳಬೇಕಾದರೆ ಚುನಾವಣೆ ನಡೆಯಬೇಕು. ಸಂವಿಧಾನ ಐದು ವರ್ಷಕ್ಕಿಂತ ಹೆಚ್ಚು ಅವಧಿಗೆ ಅವಕಾಶ ಕೊಡುವುದಿಲ್ಲ. ಅವಧಿ ಮುಗಿಯುವ ಮುಂಚೆ ಚುನಾವಣೆ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2006ರ ಕಿಶನ್‌ಸಿಂಗ್ ತೋಮರ್ ತೀರ್ಪಿನಲ್ಲಿ ಹೇಳಿದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ನಡೆದ ಚುನಾವಣೆಯ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ತಡೆ ಎಂದು ಮುಂದಿನದು ಮುಂದಕ್ಕೆ ಹೋಗುತ್ತಲೇ ಬಂತು. ಬೆಂಗಳೂರಿನಲ್ಲಿ 2015ರ ಆಗಸ್ಟ್ 22ರಂದು 198 ವಾರ್ಡುಗಳ ಪಾಲಿಕೆಗೆ (ಬಿಬಿಎಂಪಿ) ಮತದಾನವಾಯಿತು, ಆ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದು ಆಡಳಿತಾಧಿಕಾರಿ ಬಂದರು. ಆಮೇಲೆ ವಾರ್ಡುಗಳ ಸಂಖ್ಯೆಯನ್ನು 243 ಮಾಡಲಾಯಿತು, ಬಳಿಕ 225. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. 2015ರಲ್ಲಿ ಗೆದ್ದವರು ಈಗಲೂ ಗಣೇಶೋತ್ಸವದ ಫ್ಲೆಕ್ಸುಗಳಲ್ಲಿ 'ಮಾಜಿ ಕಾರ್ಪೊರೇಟರ್' ಎಂದು ಕೈಮುಗಿಯುತ್ತಾರೆ. ಹೆಸರಿನ ಕೆಳಗೆ ಬರೆಸಿದ ವಾರ್ಡು ಮಾತ್ರ ನಕ್ಷೆಯಲ್ಲಿಲ್ಲ.